ಹಳದಿ ಬಸ್ಸು ಮತ್ತು ಹೊಸ ಪ್ರೊಸೆಸರ್

ಹೋದ ವರ್ಷ ನಮ್ಮ ಮನೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಿದೆ. ಹಾಕಿದ ರಾತ್ರಿಯೇ ಎರಡು ಆಟ ಓಡಿಸಿ ನೋಡಿದೆವು. ಒಂದು ನಾನು ಆಡುವುದು, ಇನ್ನೊಂದು ತಂಗಿ ಆಡುವುದು. ನನ್ನ ಆಟದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ತಂಗಿಯ ಆಟ ಗುರುತೇ ಸಿಗದಷ್ಟು ಬದಲಾಗಿತ್ತು. ಅದೇ ಪೆಟ್ಟಿಗೆ, ಅದೇ ಗ್ರಾಫಿಕ್ಸ್ ಕಾರ್ಡ್, ಅದೇ ಮಾನಿಟರ್, ಅದೇ ರಾತ್ರಿ. ಅಂದಿನಿಂದ ಯಾರಾದರೂ ‘ಪ್ರೊಸೆಸರ್ ಬದಲಿಸಿದರೆ ಗೇಮ್ ಚೆನ್ನಾಗಿ ಓಡುತ್ತಾ?’ ಅಂತ ಕೇಳಿದರೆ ನನಗೆ ಹೌದು ಅನ್ನಲೂ ಬರುವುದಿಲ್ಲ, ಇಲ್ಲ ಅನ್ನಲೂ ಬರುವುದಿಲ್ಲ. ಕೇಳುವವರು ಕೂಡಿಟ್ಟ ದುಡ್ಡು ಕೈಯಲ್ಲಿ ಹಿಡಿದು ಕೇಳುತ್ತಾರೆ. ಒಂದು ಮಾತಿನಲ್ಲಿ ಉತ್ತರ ಬೇಕು ಅವರಿಗೆ. ಆ ಒಂದು ಮಾತು ನನಗೆ ಯಾಕೆ ಸಿಗುತ್ತಿಲ್ಲ ಅನ್ನುವುದೇ ತಿಂಗಳುಗಟ್ಟಲೆ ತಲೆಯಲ್ಲಿ ಕೊರೆಯುತ್ತಿದೆ.

ಆ ಸಂಜೆಯಿಂದಲೇ ಹೇಳುತ್ತೇನೆ. ಹಳೆಯ ಪ್ರೊಸೆಸರ್ 2017ರದು, ಆರು ಕೋರ್, ಅಂದರೆ ಒಳಗೆ ಲೆಕ್ಕ ಮಾಡುವ ಘಟಕಗಳು ಆರು. ಅದರ ಮೇಲಿನ ಕೂಲರ್ ತೆಗೆಯಬೇಕಿತ್ತು. ನಾಲ್ಕೂ ಸ್ಕ್ರೂ ಸಡಿಲ ಮಾಡಿ ಮೇಲಕ್ಕೆತ್ತಿದೆ. ಬರಲಿಲ್ಲ. ಸ್ವಲ್ಪ ಜೋರಾಗಿ ಎಳೆದೆ. ಟಕ್ ಅಂತ ಸದ್ದಾಗಿ ಕೈಗೆ ಬಂತು. ಆದರೆ ಕೂಲರ್ ಒಂದೇ ಬಂದಿರಲಿಲ್ಲ. ಅದರ ತಳಕ್ಕೆ ಪ್ರೊಸೆಸರ್ ಅಂಟಿಕೊಂಡು, ಸಾಕೆಟ್ಟಿನಿಂದಲೇ ಕಿತ್ತು ಬಂದಿತ್ತು. ಸಾಕೆಟ್ಟಿನ ಸಣ್ಣ ಲಾಕ್ ಮಾತ್ರ ಹಾಕಿದ್ದು ಹಾಕಿದ ಹಾಗೇ ಇತ್ತು. ಪ್ರೊಸೆಸರಿನ ಬಿಸಿ ಕೂಲರಿಗೆ ದಾಟಲಿ ಅಂತ ನಡುವೆ ಹಚ್ಚಿದ್ದ ಥರ್ಮಲ್ ಪೇಸ್ಟ್ ವರ್ಷಗಟ್ಟಲೆ ಬಿಸಿ ಉಂಡು ಗಾರೆಯ ಹಾಗೆ ಗಟ್ಟಿಯಾಗಿತ್ತು. ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದ ತಂಗಿ ಮೆಲ್ಲಗೆ ಕೇಳಿದಳು: “ಅಕ್ಕಾ, ಹೋಯ್ತೇನೇ?”

ಎದೆ ಧಸಕ್ಕೆಂದಿತು. ಕೂಲರನ್ನು ಮಗುಚಿ ಹಿಡಿದು ನೋಡಿದೆ. ಪ್ರೊಸೆಸರಿನ ಅಡಿಯಲ್ಲಿ ಸಾವಿರಕ್ಕೂ ಹೆಚ್ಚು ಪಿನ್ನುಗಳು ಸಾಲಾಗಿ ನಿಂತಿದ್ದವು. ಚಿನ್ನದ ಬಣ್ಣ, ಸೂಜಿಯ ಮೊನೆಯಷ್ಟು ಸಣ್ಣ. ಒಂದು ಮೂಲೆಯಲ್ಲಿ ಎರಡು ಮಾತ್ರ ಸಾಲು ತಪ್ಪಿ ವಾಲಿದ್ದವು. ಮೆಕ್ಯಾನಿಕಲ್ ಪೆನ್ಸಿಲ್ ತಂದು, ಒಳಗಿನ ಕಡ್ಡಿ ತೆಗೆದು, ತುದಿಯ ಲೋಹದ ಕೊಳವೆಯನ್ನು ಬಾಗಿದ ಪಿನ್ನಿಗೆ ತೂರಿಸಿ ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ತಂಗಿ ಟಾರ್ಚನ್ನು ಓರೆಯಾಗಿ ಹಿಡಿದಳು. ಓರೆ ಬೆಳಕಿನಲ್ಲಿ ನೋಡಿದರೆ ಸಾಲು ನೇರವಿದೆಯೋ ಇಲ್ಲವೋ ನೆರಳಿನಲ್ಲೇ ಗೊತ್ತಾಗುತ್ತದೆ. ಹಳೆಯ ಪ್ರೊಸೆಸರ್ ಇನ್ನು ಬೇಡವಾಗಿತ್ತು, ನಿಜ. ಆದರೂ ಐದಾರು ವರ್ಷ ಮನೆಯ ಕೆಲಸ ಮಾಡಿದ ವಸ್ತುವನ್ನು ಕೈಯಾರೆ ಹಾಳು ಮಾಡಲು ಮನಸ್ಸು ಬರಲಿಲ್ಲ. (ಇದನ್ನು ಮಾಡಲು ಹೊರಟವರಿಗೆ ಒಂದು ಮಾತು. ಮೊದಲು ಹತ್ತು ನಿಮಿಷ ಯಾವುದಾದರೂ ಭಾರದ ಆಟ ಓಡಿಸಿ. ಪೇಸ್ಟ್ ಬೆಚ್ಚಗಾಗಿ ಮೆತ್ತಗಾಗುತ್ತದೆ. ಆಮೇಲೆ ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತಾ ಬಿಡಿಸಿ. ನೇರವಾಗಿ ಮೇಲಕ್ಕೆ ಎಳೆಯಬೇಡಿ.)

ಹೊಸದನ್ನು ಕೂರಿಸಿ, ಕಾಳಿನಷ್ಟು ಪೇಸ್ಟ್ ಹಚ್ಚಿ, ಕೂಲರ್ ಬಿಗಿದು ಆನ್ ಮಾಡಿದಾಗ ರಾತ್ರಿ ಹತ್ತು ದಾಟಿತ್ತು.

58 ಇದ್ದದ್ದು 59

ನನ್ನದು ತೆರೆದ ಜಗತ್ತಿನ ಆಟ. ಬೆಟ್ಟ, ಕಾಡು, ನದಿ, ದೂರದ ಮೋಡ, ಎಲ್ಲ ಕಣ್ಣಿಗೆ ಹಬ್ಬ. ಪ್ರೊಸೆಸರ್ ಬದಲಿಸುವ ಮುಂಚೆ ಒಂದು ಜಾಗ ಗುರುತು ಮಾಡಿಟ್ಟುಕೊಂಡಿದ್ದೆ. ಬೆಟ್ಟದ ತುದಿಯ ಒಂದು ಕಲ್ಲು. ಅಲ್ಲಿ ನಿಂತು ಕಣಿವೆಯ ಕಡೆ ಮುಖ ಮಾಡಿದರೆ 58 ಎಫ್‌ಪಿಎಸ್ ಬರುತ್ತಿತ್ತು, ಅಂದರೆ ಸೆಕೆಂಡಿಗೆ 58 ಚಿತ್ರ. ಹೊಸ ಪ್ರೊಸೆಸರ್ ಹಾಕಿ ಅದೇ ಕಲ್ಲಿನ ಮೇಲೆ ನಿಂತೆ. 59. ಎರಡು ಸಲ ಕಂಪ್ಯೂಟರ್ ಆರಿಸಿ ಹಾಕಿದೆ. 59.

ಆಗ ಬೇಜಾರಾಯಿತು. ಈಗ ಯೋಚಿಸಿದರೆ ಅದಕ್ಕಿಂತ ಬೇರೆ ಏನೂ ಬರಲು ಸಾಧ್ಯವೇ ಇರಲಿಲ್ಲ. ತೆರೆಯ ಮೇಲೆ ಒಂದು ಚಿತ್ರ ಮೂಡಬೇಕಾದರೆ ಇಬ್ಬರು ಕೆಲಸ ಮಾಡಬೇಕು. ಮೊದಲು ಪ್ರೊಸೆಸರ್. ನಾನು ಯಾವ ಕೀ ಒತ್ತಿದೆ, ಕುದುರೆ ಎಲ್ಲಿಗೆ ಬಂತು, ಅದು ಕಲ್ಲಿಗೆ ತಾಗಿತಾ, ದೂರದ ಕಾವಲುಗಾರ ನನ್ನನ್ನು ನೋಡಿದನಾ, ತೆರೆಯ ಮೇಲೆ ಯಾವ್ಯಾವ ವಸ್ತು ಕಾಣಬೇಕು, ಇದನ್ನೆಲ್ಲ ಲೆಕ್ಕ ಹಾಕಿ ‘ಇದನ್ನು ಬಿಡಿಸು, ಅದನ್ನು ಬಿಡಿಸು’ ಅಂತ ಪಟ್ಟಿ ಕೊಡುತ್ತದೆ. ಆ ಪಟ್ಟಿ ಹಿಡಿದು ಗ್ರಾಫಿಕ್ಸ್ ಕಾರ್ಡ್ ಒಂದೊಂದು ಚುಕ್ಕಿಗೂ ಬಣ್ಣ ಹಚ್ಚುತ್ತದೆ. ಒಬ್ಬರ ಕೆಲಸ ಮುಗಿದ ಮೇಲೆ ಇನ್ನೊಬ್ಬರು ಶುರು ಮಾಡುತ್ತಾರೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. ಕಾರ್ಡ್ ಒಂದು ಚಿತ್ರ ಬಿಡಿಸುತ್ತಿರುವಾಗಲೇ ಪ್ರೊಸೆಸರ್ ಮುಂದಿನ ಚಿತ್ರದ ಪಟ್ಟಿ ಬರೆಯುತ್ತಿರುತ್ತದೆ. ಹಾಗಾಗಿ ಇಬ್ಬರ ಸಮಯವನ್ನು ಕೂಡಿಸುವಂತಿಲ್ಲ. ಇಬ್ಬರಲ್ಲಿ ನಿಧಾನದವರು ಯಾರೋ ಅವರ ಸಮಯವೇ ಲೆಕ್ಕ.

ನನ್ನ ಬೆಟ್ಟದ ಮೇಲೆ ನಡೆದದ್ದು ಇದೇ. ಒಂದು ಚಿತ್ರಕ್ಕೆ ಗ್ರಾಫಿಕ್ಸ್ ಕಾರ್ಡಿಗೆ ಸುಮಾರು 17 ಮಿಲಿಸೆಕೆಂಡು ಬೇಕಿತ್ತು. ಸಾವಿರವನ್ನು 17ರಿಂದ ಭಾಗಿಸಿದರೆ 59 ಹತ್ತಿರ ಬರುತ್ತದೆ. ಹಳೆಯ ಪ್ರೊಸೆಸರ್ ತನ್ನ ಪಾಲನ್ನು 9 ಮಿಲಿಸೆಕೆಂಡಿಗೆ ಮುಗಿಸಿ ಸುಮ್ನೆ ಕೂರುತ್ತಿತ್ತು ಅಂತಿಟ್ಟುಕೊಳ್ಳಿ. ಹೊಸದು 5ಕ್ಕೇ ಮುಗಿಸಿ ಇನ್ನೂ ಜಾಸ್ತಿ ಹೊತ್ತು ಸುಮ್ನೆ ಕೂರುತ್ತದೆ. ಚಿತ್ರ ಬರುವುದು ಆಗಲೂ 17ಕ್ಕೆ ಒಂದು, ಈಗಲೂ 17ಕ್ಕೆ ಒಂದು. ನಾನು ಕೊಂಡು ತಂದದ್ದು ಕಾಯುವವನಿಗೆ ಇನ್ನಷ್ಟು ಬಿಡುವು.

ಇದನ್ನು ದುಡ್ಡು ಕೊಡುವ ಮುಂಚೆಯೇ ತಿಳಿದುಕೊಳ್ಳಬಹುದು. ಅದಕ್ಕೆ ಒಂದು ಪೈಸೆಯೂ ಬೇಡ. ಆಟದ ಸೆಟ್ಟಿಂಗ್ಸ್‌ಗೆ ಹೋಗಿ ರೆಸಲ್ಯೂಷನ್ ಇಳಿಸಿ ನೋಡಿದರೆ ಸಾಕು. 1920×1080 ಅಂದರೆ ಸುಮಾರು 20 ಲಕ್ಷ ಚುಕ್ಕಿಗಳು. 3840×2160 ಅಂದರೆ ಅದರ ಸರಿಯಾಗಿ ನಾಲ್ಕು ಪಟ್ಟು. ಚುಕ್ಕಿ ಎಷ್ಟು ಹೆಚ್ಚಿದರೂ ಕುದುರೆ ಒಂದೇ, ಕಾವಲುಗಾರ ಒಬ್ಬನೇ, ಪ್ರೊಸೆಸರಿನ ಪಟ್ಟಿ ಹೆಚ್ಚುಕಡಿಮೆ ಅಷ್ಟೇ. ಬಣ್ಣ ಹಚ್ಚುವ ಕಾರ್ಡಿಗೆ ಮಾತ್ರ ಕೆಲಸ ಏರುತ್ತದೆ. ಆದ್ದರಿಂದ ರೆಸಲ್ಯೂಷನ್ ಇಳಿಸಿದ ಕೂಡಲೇ ಎಫ್‌ಪಿಎಸ್ ಜಿಗಿದರೆ ತಡ ಮಾಡುತ್ತಿದ್ದದ್ದು ಕಾರ್ಡ್. ಇಳಿಸಿದರೂ ಅಲ್ಲೇ ನಿಂತಿದ್ದರೆ ತಡ ಮಾಡುತ್ತಿರುವುದು ಪ್ರೊಸೆಸರ್. (ಎಫ್‌ಪಿಎಸ್ ಸರಿಯಾಗಿ 60ಕ್ಕೋ 144ಕ್ಕೋ ನಿಂತಿದ್ದರೆ ಇಬ್ಬರದ್ದೂ ತಪ್ಪಿಲ್ಲ. ಆಟದಲ್ಲಿ ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಅಥವಾ ಬೇರೆ ಮಿತಿ ಹಾಕಿರಬಹುದು, ಅದನ್ನು ತೆಗೆದು ನೋಡಿ.) ನಾನು ಇದನ್ನು ಮೊದಲೇ ಮಾಡಿದ್ದರೆ ಬೆಟ್ಟದ ಮೇಲೆ ನಿಂತು ಬೇಜಾರು ಪಡುವ ಪ್ರಸಂಗ ಬರುತ್ತಿರಲಿಲ್ಲ.

ತಂಗಿಯ ಊರು

ತಂಗಿ ಆಡುವುದು ಸಿಟೀಸ್: ಸ್ಕೈಲೈನ್ಸ್. 2015ರಲ್ಲಿ ಬಂದ ಮೊದಲನೆಯ ಆವೃತ್ತಿ. ಖಾಲಿ ನೆಲದ ಮೇಲೆ ರಸ್ತೆ ಎಳೆದು, ನೀರು ಕರೆಂಟು ಕೊಟ್ಟು, ಊರು ಕಟ್ಟುವ ಆಟ. ಎರಡು ವರ್ಷದಿಂದ ಅವಳು ಒಂದೇ ಊರು ಕಟ್ಟುತ್ತಿದ್ದಾಳೆ. ಬೇರೆ ಊರು ಶುರು ಮಾಡಲೇ ಇಲ್ಲ. ಜನಸಂಖ್ಯೆ ಒಂದು ಲಕ್ಷ ದಾಟಿದೆ. ಯಾವ ಬೀದಿ ಯಾವಾಗ ಹಾಕಿದ್ದು, ಯಾವ ಸರ್ಕಲ್ಲಿನಲ್ಲಿ ಯಾಕೆ ಟ್ರಾಫಿಕ್ ಕಟ್ಟುತ್ತದೆ, ಎಲ್ಲ ಅವಳಿಗೆ ಬಾಯಿಪಾಠ.

ಈ ಆಟದಲ್ಲಿ ರಸ್ತೆಯ ಮೇಲೆ ಓಡುವ ಕಾರು ಸುಮ್ನೆ ಅಲಂಕಾರಕ್ಕೆ ಓಡುವುದಲ್ಲ. ಅದರೊಳಗಿರುವವನಿಗೆ ಒಂದು ಮನೆ ಇದೆ, ಒಂದು ಕೆಲಸ ಇದೆ. ಅವನು ಹೊರಟಾಗ ಎಲ್ಲಿಂದ ಎಲ್ಲಿಗೆ, ಯಾವ ದಾರಿ, ನಡೆಯುವುದೋ ಬಸ್ಸೋ ಅಂತ ಲೆಕ್ಕ ಆಗಬೇಕು. ಒಂದೇ ಹೊತ್ತಿಗೆ ಹೀಗೆ ಓಡಾಡುವ ಜನರಿಗೆ ಆಟವೇ 65,536 ಅಂತ ಮಿತಿ ಹಾಕಿದೆ, ವಾಹನಗಳಿಗೆ 16,384. ಅಷ್ಟೂ ಜನರ ದಾರಿ ಹುಡುಕುವ ಕೆಲಸ ಪ್ರೊಸೆಸರಿನದು. ಗ್ರಾಫಿಕ್ಸ್ ಕಾರ್ಡಿಗೆ ಇದರಲ್ಲಿ ಪಾಲಿಲ್ಲ. ಅದು ಪಟ್ಟಿಗಾಗಿ ಬಾಗಿಲಲ್ಲಿ ಕಾದು ನಿಂತಿರುತ್ತದೆ.

ಹಳೆಯ ಪ್ರೊಸೆಸರಿನಲ್ಲಿ ಆ ಊರು ಬರಬರುತ್ತಾ ತೆವಳಲು ಶುರುವಾಗಿತ್ತು. ಮೂರು ಬಾಣದ ಗುರುತು ಒತ್ತಿ ಅತಿ ವೇಗಕ್ಕೆ ಹಾಕಿದರೂ ಊರಿನ ಗಡಿಯಾರ ಮೊದಲ ವೇಗದಲ್ಲೇ ನಡೆಯುತ್ತಿತ್ತು. ತಂಗಿ ಒಂದು ರಸ್ತೆ ಹಾಕಿ, ಅದರಿಂದ ಟ್ರಾಫಿಕ್ ಕಡಿಮೆಯಾಯಿತಾ ಅಂತ ನೋಡಲು ಪುಸ್ತಕ ಹಿಡಿದು ಕೂರುತ್ತಿದ್ದಳು. ನದಿಯ ಆಚೆ ದೊಡ್ಡ ಬಯಲು ಖಾಲಿ ಬಿಟ್ಟಿದ್ದಳು. “ಅಲ್ಲಿ ಕಟ್ಟಲ್ವೇನೇ?” ಅಂತ ಒಮ್ಮೆ ಕೇಳಿದ್ದಕ್ಕೆ, “ಕಟ್ಟಿದರೆ ಊರು ನಿಂತೇ ಹೋಗುತ್ತೆ ಕಣೇ ಅಕ್ಕಾ” ಅಂದಿದ್ದಳು. ಆ ಮಾತು ನನಗೆ ಬಹಳ ದಿನ ಕಾಡಿತ್ತು. ಪ್ರೊಸೆಸರ್ ತರಲು ಅದೂ ಒಂದು ಕಾರಣ.

ಬದಲಿಸುವ ಮುಂಚೆ ಅವಳೂ ಒಂದು ಅಳತೆ ಇಟ್ಟುಕೊಂಡಿದ್ದಳು. ಎಫ್‌ಪಿಎಸ್ ಅಲ್ಲ. ರೈಲ್ವೆ ಸ್ಟೇಷನ್ನಿನಿಂದ ಹೊರಟು ಬಂದರಿನವರೆಗೆ ಹೋಗಿ ವಾಪಸ್ ಬರುವ ಹಳದಿ ಲೈನಿನ ಒಂದು ಬಸ್ಸು. ಅದನ್ನೇ ಹಿಂಬಾಲಿಸಿ, ಅತಿ ವೇಗಕ್ಕೆ ಹಾಕಿ, ಫೋನಿನ ಸ್ಟಾಪ್‌ವಾಚ್ ಒತ್ತಿ ಒಂದು ಸುತ್ತು ಅಳೆದಿದ್ದಳು. ಮೂರು ಸಲ ಅಳೆದು ನಡುವಿನದ್ದನ್ನು ಬರೆದಿಟ್ಟಿದ್ದಳು: 4 ನಿಮಿಷ 10 ಸೆಕೆಂಡು.

ಹೊಸ ಪ್ರೊಸೆಸರ್ ಹಾಕಿದ ರಾತ್ರಿ ನನ್ನ 59 ನೋಡಿ ನಾನು ಕುರ್ಚಿ ಬಿಟ್ಟು ಎದ್ದೆ. ಅವಳು ಕೂತಳು. ಊರು ತೆರೆಯಿತು. ಬಸ್ಸು ಹುಡುಕಿ ಅದರ ಮೇಲೆ ಕ್ಲಿಕ್ ಮಾಡಿದಳು. ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು. ಸ್ಟೇಷನ್ನಿನ ತಿರುವು ದಾಟಿ, ಆಸ್ಪತ್ರೆಯ ಸ್ಟಾಪಿನಲ್ಲಿ ಜನ ಹತ್ತಿಸಿಕೊಂಡು, ಬಂದರಿನ ಇಳಿಜಾರಿಗೆ ಬಸ್ಸು ಇಳಿಯುವಾಗ ನಾವಿಬ್ಬರೂ ಮಾತು ನಿಲ್ಲಿಸಿದ್ದೆವು. ಅಷ್ಟು ಹೊತ್ತಿಗೆ ಒಂದು ನಿಮಿಷವೂ ಆಗಿರಲಿಲ್ಲ. ಪೂರ್ತಿ ಸುತ್ತು ಮುಗಿದಾಗ 2 ನಿಮಿಷ 20 ಸೆಕೆಂಡು. ತಂಗಿ ನನ್ನ ಕಡೆ ತಿರುಗಿ, “ಅಕ್ಕಾ, ಬಸ್ಸು ಓಡ್ತಿದೆ ಕಣೇ” ಅಂದಳು. ದನಿ ಸ್ವಲ್ಪ ನಡುಗುತ್ತಿತ್ತು. ಎರಡು ವರ್ಷ ಕಟ್ಟಿದ ಊರಿಗೆ ಜೀವ ವಾಪಸ್ ಬಂದದ್ದನ್ನು ನೋಡಿದವಳ ದನಿ ಅದು.

ಎಂಟು ಕೈ, ಒಂದು ಸೂಜಿ

ಹಳೆಯದರಲ್ಲಿ ಆರು ಕೋರ್, ಹೊಸದರಲ್ಲಿ ಎಂಟು. ಕೋರ್ ಜಾಸ್ತಿಯಾದದ್ದಕ್ಕೇ ಬಸ್ಸು ಓಡಿತು ಅಂತ ಅಂದುಕೊಳ್ಳುವುದು ಸುಲಭ. ಆದರೆ ಆರು ಎಂಟಾದರೆ ಮೂರನೇ ಒಂದು ಪಾಲು ಹೆಚ್ಚಾಯಿತು ಅಷ್ಟೇ. ಬಸ್ಸಿನ ಸಮಯ ಅರ್ಧದ ಹತ್ತಿರಕ್ಕೆ ಇಳಿದಿದೆ. ಲೆಕ್ಕ ಕೂಡಲಿಲ್ಲ.

ಆಟದ ಕೆಲಸವನ್ನು ಬೇಕಾದಷ್ಟು ತುಂಡು ಮಾಡಿ ಹಂಚಲು ಆಗುವುದಿಲ್ಲ. ಕುದುರೆ ಎಲ್ಲಿದೆ ಅಂತ ತಿಳಿಯುವವರೆಗೆ ಅದು ಕಲ್ಲಿಗೆ ತಾಗಿತಾ ಅಂತ ಹೇಳಲಾಗದು. ತಾಗಿತಾ ಅಂತ ತಿಳಿಯುವವರೆಗೆ ಬಿತ್ತಾ ಅಂತ ಹೇಳಲಾಗದು. ಒಂದರ ಬೆನ್ನಿಗೆ ಒಂದು ಬರುವ ಕೆಲಸ ಇದು. ಸೂಜಿಗೆ ದಾರ ಪೋಣಿಸಲು ಎಂಟು ಜನ ಮುತ್ತಿಕೊಂಡರೆ ಬೇಗ ಆಗುವುದಿಲ್ಲವಲ್ಲ, ಹಾಗೆ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಈ ಮಾತನ್ನು ಲೆಕ್ಕದ ಬಲದಿಂದ ಹೇಳಿದ್ದರು. ಅರ್ಧ ಕೆಲಸ ಹಂಚಲು ಬಾರದ್ದಾದರೆ, ಸಾವಿರ ಕೈ ಇಟ್ಟರೂ ಒಟ್ಟು ವೇಗ ಎರಡು ಪಟ್ಟು ದಾಟುವುದಿಲ್ಲ. ಆಟಗಳಲ್ಲಿ ಬಹಳ ವರ್ಷ ಒಂದೋ ಎರಡೋ ಕೋರ್ ಬೆವರು ಸುರಿಸುತ್ತಿತ್ತು, ಉಳಿದವು ನೋಡುತ್ತಿದ್ದವು. ಡೈರೆಕ್ಟ್‌ಎಕ್ಸ್ 12 (2015) ಮತ್ತು ವಲ್ಕನ್ (2016) ಅನ್ನುವ, ಆಟಕ್ಕೂ ಕಾರ್ಡಿಗೂ ನಡುವಿನ ಹೊಸ ಸಾಫ್ಟ್‌ವೇರ್‌ಗಳು ಬಂದ ಮೇಲೆ ಪಟ್ಟಿ ಬರೆಯುವ ಕೆಲಸವನ್ನು ಹಲವು ಕೋರ್‌ಗಳಿಗೆ ಚೆನ್ನಾಗಿ ಹಂಚಲು ದಾರಿಯಾಯಿತು. ಆದರೂ ಬೆನ್ನಿಗೆ ಬೆನ್ನು ಬರುವ ಕೆಲಸ ಉಳಿದೇ ಉಳಿಯುತ್ತದೆ.

ಇದೇ ಕಾರಣಕ್ಕೆ ಟಾಸ್ಕ್ ಮ್ಯಾನೇಜರಿನಲ್ಲಿ ‘ಸಿಪಿಯು 20%’ ಅಂತ ನೋಡಿ ‘ನನ್ನ ಪ್ರೊಸೆಸರಿಗೆ ಇನ್ನೂ ಬೇಕಾದಷ್ಟು ಶಕ್ತಿ ಇದೆ’ ಅಂತ ನಂಬಬೇಡಿ. ಎಂಟು ಕೋರ್‌ನಲ್ಲಿ ಒಂದು ಕೋರ್ ಪೂರ್ತಿ ಬಿಗಿದು ಕೂತಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಬರೀ 12.5%. ಅದರ ಬದಲು ಗ್ರಾಫಿಕ್ಸ್ ಕಾರ್ಡಿನ ಅಂಕಿ ನೋಡಿ. ಅದು 97, 98ರಲ್ಲಿ ಇದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ. ಯಾವ ಮಿತಿಯನ್ನೂ ಹಾಕಿಲ್ಲದೆ ಅದು 60, 70ರಲ್ಲಿ ತೂಗಾಡುತ್ತಿದ್ದರೆ ಅದು ಯಾರಿಗೋ ಕಾಯುತ್ತಿದೆ.

ಹಾಗಾದರೆ ಬಸ್ಸು ಓಡಿದ್ದು ಯಾವುದರಿಂದ? ಒಂದೊಂದು ಕೋರ್ ತಾನೇ ಚುರುಕಾಗಿರುವುದು ಒಂದು ಕಾರಣ. ಗಿಗಾಹರ್ಟ್ಸ್ ಅಂಕಿ, ಅಂದರೆ ಸೆಕೆಂಡಿಗೆ ಎಷ್ಟು ನೂರು ಕೋಟಿ ಬಡಿತ ಅನ್ನುವುದು, ಬಹಳ ಏರಿಲ್ಲ. ಇಂಟೆಲ್ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಚನೆಯನ್ನು 2004ರಲ್ಲೇ ಕೈಬಿಟ್ಟಿತು. ಅಲ್ಲಿಂದ ಇಲ್ಲಿಗೆ ಆ ಅಂಕಿ ನಿಧಾನವಾಗಿಯೇ ಏರಿದೆ. ಆದರೆ ಒಂದು ಬಡಿತಕ್ಕೆ ಮಾಡುವ ಕೆಲಸ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತಾ ಬಂದಿದೆ. ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಇನ್ನೊಂದು ಕಾರಣ. ಅದು ನೆನಪಿನ ದೂರ. 4 ಗಿಗಾಹರ್ಟ್ಸ್ ಪ್ರೊಸೆಸರಿಗೆ ಒಂದು ಬಡಿತ ಅಂದರೆ ನ್ಯಾನೊಸೆಕೆಂಡಿನ ಕಾಲು ಭಾಗ. ಬೇಕಾದ ಮಾಹಿತಿ ಕೋರ್ ಪಕ್ಕದ ಪುಟ್ಟ ನೆನಪಿನ ಜಾಗವಾದ ಕ್ಯಾಶ್‌ನಲ್ಲೇ ಇದ್ದರೆ ನಾಲ್ಕೈದು ಬಡಿತದಲ್ಲಿ ಕೈಗೆ ಬರುತ್ತದೆ. ಅದು ಪ್ರೊಸೆಸರಿನ ಹೊರಗಿನ ದೊಡ್ಡ ನೆನಪಾದ ರ‍್ಯಾಮ್‌ನಲ್ಲಿದ್ದರೆ 70–80 ನ್ಯಾನೊಸೆಕೆಂಡು, ಅಂದರೆ ಸುಮಾರು 300 ಬಡಿತ ಬೇಕು. ಅಷ್ಟು ಹೊತ್ತು ಕೋರ್ ಕೈಚೆಲ್ಲಿ ಕೂರಬೇಕು. ತಂಗಿಯ ಊರಿನಂಥ ಆಟದಲ್ಲಿ ಸಾವಿರಾರು ಜನರ ವಿವರ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತದೆ. ಒಬ್ಬೊಬ್ಬರ ದಾರಿ ಹುಡುಕಲು ಎಲ್ಲೆಲ್ಲಿಂದಲೋ ಮಾಹಿತಿ ಎತ್ತಿ ತರಬೇಕು. ಅಲ್ಲಿ ಪ್ರೊಸೆಸರ್ ಲೆಕ್ಕ ಮಾಡುವುದಕ್ಕಿಂತ ಓಡಾಡುವುದೇ ಜಾಸ್ತಿ.

2022ರ ಏಪ್ರಿಲ್‌ನಲ್ಲಿ ಎಎಂಡಿ ತಂದ ರೈಜನ್ 7 5800ಎಕ್ಸ್3ಡಿ ಇದನ್ನು ಎಲ್ಲರ ಕಣ್ಣಿಗೂ ತೋರಿಸಿತು. ಅದರ ಅಣ್ಣ 5800ಎಕ್ಸ್‌ಗೂ ಎಂಟೇ ಕೋರ್, ಇದಕ್ಕೂ ಎಂಟೇ ಕೋರ್. ವೇಗದ ಮಿತಿಯಲ್ಲಿ ಇದೇ ಹಿಂದೆ. ಅದು 4.7 ಗಿಗಾಹರ್ಟ್ಸ್ ಮುಟ್ಟಿದರೆ ಇದು 4.5. ಆದರೆ ಚಿಪ್ಪಿನ ಮೇಲೆ ಇನ್ನೊಂದು ಪದರ ಹೊಂದಿಸಿ ಕ್ಯಾಶ್ 32 ಎಂಬಿಯಿಂದ 96 ಎಂಬಿಗೆ ಏರಿಸಿದ್ದರು. ಡಬ್ಬದ ಮೇಲಿನ ಗಿಗಾಹರ್ಟ್ಸ್ ನೋಡಿದರೆ ಹೊಸದು ದಡ್ಡ ಅನಿಸಬೇಕು. ಆಟಕ್ಕೆ ಕೂರಿಸಿದರೆ ಬಹಳಷ್ಟು ಕಡೆ ಅದೇ ಮುಂದೆ. ಓಡುವುದು ಜೋರಾಗಿದ್ದಕ್ಕಲ್ಲ, ದೂರ ಹೋಗಬೇಕಾದ ಸಲ ಕಡಿಮೆಯಾದದ್ದಕ್ಕೆ.

ಸರಾಸರಿ ಮುಚ್ಚಿಟ್ಟದ್ದು

ನನ್ನ ಆಟದಲ್ಲಿ ಏನೂ ಬದಲಾಗಲಿಲ್ಲ ಅಂತ ಮೊದಲು ಹೇಳಿದೆನಲ್ಲ, ಅದು ತಪ್ಪು. ಎರಡು ವಾರದ ಮೇಲೆ ಗೊತ್ತಾಯಿತು.

ಆ ಆಟದಲ್ಲಿ ಒಂದು ಸಂತೆ ಬೀದಿ ಇದೆ. ಕುದುರೆ ಓಡಿಸಿಕೊಂಡು ಅದರೊಳಗೆ ನುಗ್ಗಿದರೆ ತೆರೆ ಒಂದು ಕ್ಷಣ ಎಡವುತ್ತಿತ್ತು. ನಿಂತು, ಮತ್ತೆ ಓಡುತ್ತಿತ್ತು. ಅದಕ್ಕೆ ನಾನು ಎಷ್ಟು ಒಗ್ಗಿಹೋಗಿದ್ದೆ ಅಂದರೆ, ಬೀದಿಯ ಬಾಯಿಗೆ ಬರುತ್ತಿದ್ದಂತೆ ಕೈ ತಾನಾಗೇ ಕುದುರೆಯ ಲಗಾಮು ಎಳೆಯುತ್ತಿತ್ತು. ಒಂದು ಸಂಜೆ ಹಾಗೇ ಲಗಾಮು ಎಳೆದವಳಿಗೆ ಏನೋ ಇಲ್ಲ ಅನಿಸಿತು. ವಾಪಸ್ ಹೋಗಿ ಈ ಸಲ ಎಳೆಯದೆ ನುಗ್ಗಿದೆ. ಬಟ್ಟೆಯ ಚಪ್ಪರ, ಬುಟ್ಟಿ ಹೊತ್ತವರು, ಓಡುವ ಮಕ್ಕಳು ಎಲ್ಲ ಎರಡೂ ಬದಿಗೆ ನೀರಿನ ಹಾಗೆ ಹರಿದು ಹೋದರು. ಎಡವಲೇ ಇಲ್ಲ. ನಾಲ್ಕು ಸಲ ಹೋಗಿ ಬಂದೆ.

ನಾನು ನೋಡುತ್ತಿದ್ದದ್ದು ಸರಾಸರಿ. ಅದು ಹೇಗೆ ಮುಚ್ಚಿಡುತ್ತದೆ ನೋಡಿ. ಒಂದು ಸೆಕೆಂಡಿನಲ್ಲಿ 60 ಚಿತ್ರ ಬಂತು ಅಂದುಕೊಳ್ಳಿ. 59 ಚಿತ್ರಕ್ಕೆ ತಲಾ 15 ಮಿಲಿಸೆಕೆಂಡು, ಉಳಿದ ಒಂದಕ್ಕೆ 115. ಕೂಡಿಸಿದರೆ ಸರಿಯಾಗಿ 1000. ಮೂಲೆಯ ಅಂಕಿ 60 ಅಂತಲೇ ತೋರಿಸುತ್ತದೆ, ಎಲ್ಲ ಸರಿಯಿದೆ ಅಂತ. ಆದರೆ ಆ 115 ಮಿಲಿಸೆಕೆಂಡು ಕಣ್ಣಿಗೂ ಕೈಗೂ ತಾಗುತ್ತದೆ. ಬೆಟ್ಟದ ಮೇಲೆ ಸುಮ್ನೆ ನಿಂತಾಗ ಪ್ರೊಸೆಸರಿಗೆ ಕೆಲಸವೇ ಇರಲಿಲ್ಲ. ಸಂತೆಯೊಳಗೆ ಹೋದ ಕೂಡಲೇ ನೂರಾರು ಜನ, ಹೊಸ ವಸ್ತುಗಳು, ಡಿಸ್ಕಿನಿಂದ ಬರುವ ಮಾಹಿತಿಯನ್ನು ಬಿಚ್ಚುವ ಕೆಲಸ, ಎಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತಿತ್ತು. ಹಳೆಯದು ಅಲ್ಲಿ ಎಡವುತ್ತಿತ್ತು. ನಾನು ಅಳತೆಗೆ ಆರಿಸಿಕೊಂಡದ್ದು ಮಾತ್ರ ಕಣಿವೆ.

ಅದಕ್ಕೇ ಈಗ ಎಫ್‌ಪಿಎಸ್ ಸರಾಸರಿಗಿಂತ ‘1% ಲೋ’ ಅನ್ನುವ ಅಂಕಿಯನ್ನು ಮೊದಲು ನೋಡುತ್ತೇನೆ. ನೂರರಲ್ಲಿ ಅತಿ ನಿಧಾನದ ಒಂದು ಪಾಲು ಚಿತ್ರಗಳು ಹೇಗಿದ್ದವು ಅಂತ ಅದು ಹೇಳುತ್ತದೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಿದರೆ ಮೇಲಿನ ಅಂಕಿ ಏರುವುದು ಕಾಣುತ್ತದೆ. ಪ್ರೊಸೆಸರ್ ಬದಲಿಸಿದರೆ ಬಹಳ ಸಲ ಏರುವುದು ಈ ಕೆಳಗಿನ ಅಂಕಿ. ನನ್ನ ಮಟ್ಟಿಗೆ ಆಟದ ಖುಷಿ ಇರುವುದು ಕೆಳಗಿನದರಲ್ಲೇ. 90ಕ್ಕೆ ಓಡಿ ಆಗಾಗ ಮುಗ್ಗರಿಸುವ ಆಟಕ್ಕಿಂತ 60ಕ್ಕೆ ಒಂದೇ ಸಮ ಹರಿಯುವ ಆಟವೇ ನನಗೆ ಬೇಕು.

‘ಪ್ರೊಸೆಸರ್ ಮುಖ್ಯ ಅಲ್ಲ’ ಅನ್ನುವ ಹಳೆಯ ಮಾತು

ಈ ಮಾತನ್ನು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅದು ಒಂದು ಕಾಲಕ್ಕೆ ಪೂರ್ತಿ ನಿಜವಾಗಿತ್ತು. 2007ರ ಇಂಟೆಲ್ ಪ್ರೊಸೆಸರ್ ಕೋರ್ 2 ಕ್ವಾಡ್ ಕ್ಯೂ6600ಕ್ಕೆ ನಾಲ್ಕು ಕೋರ್. ಹತ್ತು ವರ್ಷದ ಮೇಲೆ 2017ರ ಜನವರಿಯಲ್ಲಿ ಬಂದ ಕೋರ್ ಐ7-7700ಕೆಗೂ ನಾಲ್ಕೇ ಕೋರ್. ನಡುವೆ 2013ರಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಅನ್ನುವ ಆಟದ ಯಂತ್ರಗಳು ಬಂದವು. ಎರಡರಲ್ಲೂ ಎಂಟು ಕೋರ್ ಇದ್ದವು, ಆದರೆ ತೀರಾ ಸಾಧು ಕೋರ್‌ಗಳು. ಒಂದರಲ್ಲಿ 1.6 ಗಿಗಾಹರ್ಟ್ಸ್, ಇನ್ನೊಂದರಲ್ಲಿ 1.75. ದೊಡ್ಡ ಆಟಗಳೆಲ್ಲ ಆ ಸಾಧು ಕೋರ್‌ಗಳ ಮೇಲೆ ಓಡಲೇಬೇಕಿತ್ತು. ಅಂಥ ಆಟ ಪಿಸಿಗೆ ಬಂದಾಗ ಸಾಧಾರಣ ನಾಲ್ಕು ಕೋರ್ ಕೂಡ ಅದನ್ನು ಲೀಲಾಜಾಲವಾಗಿ ಎಳೆಯುತ್ತಿತ್ತು. ಏಳೆಂಟು ವರ್ಷ ಎಲ್ಲರೂ ಕಾರ್ಡಿಗೇ ದುಡ್ಡು ಹಾಕಿದರು. ಸರಿಯಾಗಿಯೇ ಮಾಡಿದರು.

2020ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಂದಾಗ ನೆಲ ಮಟ್ಟವೇ ಏರಿತು. ಅವುಗಳಲ್ಲಿ 3.5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಓಡುವ, ಎಎಂಡಿಯ ಝೆನ್ 2 ವಿನ್ಯಾಸದ ಎಂಟು ಕೋರ್‌ಗಳು. ಈಗ ಆಟ ಬರೆಯುವವರು ಅದನ್ನೇ ಅಳತೆಯಾಗಿಟ್ಟುಕೊಂಡು ಬರೆಯುತ್ತಾರೆ. ಹಳೆಯ ನಾಲ್ಕು ಕೋರ್‌ಗೆ ಅಲ್ಲಿಂದ ಉಬ್ಬಸ ಶುರುವಾಯಿತು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿದೆ. ಡಿಎಲ್ಎಸ್ಎಸ್, ಎಫ್ಎಸ್ಆರ್ ತರಹದ ತಂತ್ರಗಳು ಚಿತ್ರವನ್ನು ಸಣ್ಣದಾಗಿ ಬಿಡಿಸಿ ಆಮೇಲೆ ದೊಡ್ಡದು ಮಾಡುತ್ತವೆ. 4ಕೆ (3840×2160) ಮಾನಿಟರಿನಲ್ಲಿ ‘ಪರ್ಫಾರ್ಮೆನ್ಸ್’ ಅಂತ ಆರಿಸಿದರೆ ಕಾರ್ಡ್ ನಿಜವಾಗಿ ಬಿಡಿಸುವುದು 1920×1080 ಚಿತ್ರವನ್ನೇ. ಕಾರ್ಡಿನ ಭಾರ ಇಳಿಯಿತು, ಪ್ರೊಸೆಸರಿನ ಭಾರ ಇದ್ದಷ್ಟೇ ಉಳಿಯಿತು. ಅಂದರೆ ರೆಸಲ್ಯೂಷನ್ ಇಳಿಸಿ ನೋಡುವ ಆ ಪರೀಕ್ಷೆಯನ್ನು ನಾವು ದಿನಾ ಆಡುವಾಗಲೇ ನಡೆಸುತ್ತಿದ್ದೇವೆ. ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಚಿತ್ರ ಬಿಡಿಸುವ ರೇ ಟ್ರೇಸಿಂಗ್ ಹಾಕಿದರೆ ಪ್ರೊಸೆಸರಿಗೂ ಕೆಲಸ ಹೆಚ್ಚುತ್ತದೆ. ‘4ಕೆ ಆಡುವವರಿಗೆ ಪ್ರೊಸೆಸರ್ ಯಾವುದಾದರೂ ನಡೆಯುತ್ತೆ’ ಅನ್ನುವ ಮಾತನ್ನು ಈಗ ನಾನು ಕಣ್ಣುಮುಚ್ಚಿ ಒಪ್ಪುವುದಿಲ್ಲ.

ಒಂದು ಭಾನುವಾರ

ಒಂದು ಅನುಮಾನ ಮಾತ್ರ ಬಿಡಲಿಲ್ಲ. ಹಳೆಯ ಪೇಸ್ಟ್ ಗಾರೆಯಾಗಿತ್ತಲ್ಲ. ಹಾಗಿದ್ದರೆ ಹಳೆಯ ಪ್ರೊಸೆಸರ್ ಬಿಸಿಯೇರಿ ತಾನೇ ವೇಗ ತಗ್ಗಿಸಿಕೊಳ್ಳುತ್ತಿತ್ತೋ ಏನೋ? ಬಸ್ಸು ಓಡಿದ್ದು ಹೊಸ ಪ್ರೊಸೆಸರಿನಿಂದಲೋ, ಹೊಸ ಪೇಸ್ಟಿನಿಂದಲೋ? ಇಷ್ಟು ದುಡ್ಡು ಹಾಕಿದ ಮೇಲೆ ಅದು ಗೊತ್ತಾಗದೆ ಸಮಾಧಾನವಿರಲಿಲ್ಲ.

ಒಂದು ಭಾನುವಾರ ಹೊಸದನ್ನು ತೆಗೆದು, ಪಿನ್ ನೆಟ್ಟಗೆ ಮಾಡಿಟ್ಟಿದ್ದ ಹಳೆಯದನ್ನೇ ವಾಪಸ್ ಕೂರಿಸಿದೆ. ಹೊಸ ಪೇಸ್ಟ್ ಹಚ್ಚಿದೆ. ಆನ್ ಆಯಿತು. ಆ ಎರಡು ಪಿನ್ನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಮೊದಲು ಹಾಕಿದ್ದ ಅದೇ ಸೇವ್ ತೆರೆದು ತಂಗಿ ಮತ್ತೆ ಬಸ್ಸು ಹಿಂಬಾಲಿಸಿದಳು. 4 ನಿಮಿಷ. ಹಳೆಯ ಗಾರೆ ಕದ್ದದ್ದು 10 ಸೆಕೆಂಡು, ಉಳಿದದ್ದೆಲ್ಲ ಪ್ರೊಸೆಸರಿನದೇ. ಆ ಮೇಲೆ ಇನ್ನೊಂದು ಕೆಲಸ ಮಾಡಿದೆ. ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ಸ್ ಇರುವ ಬಯೋಸ್‌ಗೆ ಹೋಗಿ ನೋಡಿದರೆ ರ‍್ಯಾಮ್ 2133ರ ವೇಗದಲ್ಲೇ ಓಡುತ್ತಿತ್ತು. ಕೊಂಡದ್ದು 3200ರದು. ಎಕ್ಸ್ಎಂಪಿ ಅನ್ನುವ ಒಂದು ಆಯ್ಕೆ ಆನ್ ಮಾಡಿರಲೇ ಇಲ್ಲ, ಇಷ್ಟು ವರ್ಷ. ನನ್ನ ಮದರ್‌ಬೋರ್ಡ್ ಒಪ್ಪಿದ 2933ಕ್ಕೆ ಏರಿಸಿ ಅದೇ ಹಳೆಯ ಪ್ರೊಸೆಸರಿನಲ್ಲಿ ಅಳೆದೆವು. 3 ನಿಮಿಷ 35 ಸೆಕೆಂಡು. ಏನೂ ಖರ್ಚಿಲ್ಲದೆ 25 ಸೆಕೆಂಡು ಇಳಿಯಿತು. ನೆನಪಿನ ದೂರ ಅಂತ ಹೇಳಿದೆನಲ್ಲ, ಅದು ಕಣ್ಣೆದುರೇ ಹತ್ತಿರ ಬಂದ ಹಾಗಿತ್ತು.

ಹಾಗಾಗಿ ಈಗ ಯಾರಾದರೂ ಕೇಳಿದರೆ ಮೊದಲು ರ‍್ಯಾಮ್ ಯಾವ ವೇಗದಲ್ಲಿ ಓಡುತ್ತಿದೆ, ಒಂದೇ ಕಡ್ಡಿ ಇದೆಯೋ ಎರಡಿದೆಯೋ ಅಂತ ಕೇಳುತ್ತೇನೆ. ಒಂದೇ ಇದ್ದರೆ ಅರ್ಧ ದಾರಿ ಮುಚ್ಚಿದ ಹಾಗೆ. ಆಮೇಲೆ ಬಿಸಿ ನೋಡಿಸುತ್ತೇನೆ. ಆಮೇಲೆ ಅವರು ಆಡುವ ಆಟದಲ್ಲಿ, ಅವರಿಗೆ ತೊಂದರೆ ಕೊಡುವ ಜಾಗದಲ್ಲೇ ನಿಂತು ರೆಸಲ್ಯೂಷನ್ ಇಳಿಸಿ ನೋಡಲು ಹೇಳುತ್ತೇನೆ. ಬೇರೆಯವರ ಆಟದ ಅಂಕಿ ನಮಗೆ ಕೆಲಸಕ್ಕೆ ಬರುವುದಿಲ್ಲ. ಕೊನೆಗೆ, ಇರುವ ಮದರ್‌ಬೋರ್ಡಿಗೇ ಹೊಸ ಪ್ರೊಸೆಸರ್ ಕೂರುತ್ತದಾ ಅಂತ ಬೋರ್ಡ್ ಮಾಡಿದವರ ಪಟ್ಟಿ ನೋಡಲು ಹೇಳುತ್ತೇನೆ. ಎಎಂಡಿಯ ಎಎಂ4 ಸಾಕೆಟ್ಟಿನ 2017ರ ಹಲವು ಬೋರ್ಡುಗಳು ಬಯೋಸ್ ಅಪ್‌ಡೇಟ್ ಮಾಡಿದರೆ 2022ರ ಪ್ರೊಸೆಸರನ್ನೂ ಒಪ್ಪುತ್ತವೆ. ಅದೇ ಇಂಟೆಲ್ ಎಂಟನೇ ತಲೆಮಾರಿನದು ಹಿಂದಿನ ತಲೆಮಾರಿನ ಎಲ್‌ಜಿಎ 1151 ಸಾಕೆಟ್ ಹೆಸರನ್ನೇ ಉಳಿಸಿಕೊಂಡರೂ ಹೊಸ ಬೋರ್ಡ್ ಕೇಳಿತು. ಬೋರ್ಡೂ ರ‍್ಯಾಮೂ ಬದಲಾಗಬೇಕು ಅಂದರೆ ಲೆಕ್ಕವೇ ಬೇರೆ. ಆಗ ಅಷ್ಟೂ ದುಡ್ಡನ್ನು ಕಾರ್ಡಿಗೇ ಹಾಕುವುದು ಒಳ್ಳೆಯದಾಗಬಹುದು.

ಸಂಜೆ ಹೊಸ ಪ್ರೊಸೆಸರನ್ನು ಮತ್ತೆ ಕೂರಿಸಿದೆ. ಈಗ ಎಕ್ಸ್ಎಂಪಿ ಕೂಡ ಆನ್ ಇದೆ, ಬಸ್ಸಿನ ಸುತ್ತು 2 ನಿಮಿಷ 10 ಸೆಕೆಂಡಿಗೆ ಬಂದಿತ್ತು. ಬಂದಿತ್ತು ಅನ್ನುತ್ತಿದ್ದೇನೆ, ಯಾಕೆಂದರೆ ತಂಗಿ ಮರುದಿನವೇ ನದಿಗೆ ಸೇತುವೆ ಹಾಕಿದಳು. ಆಚೆಯ ಬಯಲಿನಲ್ಲಿ ಈಗ ಮನೆಗಳಿವೆ, ಒಂದು ಶಾಲೆ ಇದೆ, ಮೂವತ್ತು ಸಾವಿರ ಹೊಸ ಜನ ಇದ್ದಾರೆ. ಹಳದಿ ಲೈನನ್ನೂ ಅಲ್ಲಿಯವರೆಗೆ ಎಳೆದಿದ್ದಾಳೆ. ನಿನ್ನೆ ರಾತ್ರಿ ಅಳೆದೆವು. ಸೇತುವೆ ದಾಟಿ, ಶಾಲೆಯ ಮುಂದೆ ನಿಂತು, ವಾಪಸ್ ಸ್ಟೇಷನ್ನಿಗೆ ಬರಲು 3 ನಿಮಿಷ 5 ಸೆಕೆಂಡು ಹಿಡಿಯಿತು. “ಇನ್ನೊಂದು ಬಡಾವಣೆ ಹಾಕಬಹುದು ಅಲ್ವಾ ಅಕ್ಕಾ?” ಅಂತ ಕೇಳಿದಳು. ಹಾಕು ಅಂದೆ.